ವಿಶ್ವೇಶ್ವರಯ್ಯನವರು ಒಪ್ಪಿಸಿದ್ದು, ಒಪ್ಪಿಸಲಾಗದ್ದು

ಪ್ರತಿ ಸೆಪ್ಟೆಂಬರ್ 15ಕ್ಕೆ ನಮ್ಮ ಕಾಲೇಜುಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಬೀಳುತ್ತೆ. ನಮ್ಮ ಮಾರ್ಕ್ಸ್ ಕಾರ್ಡಿನ ಮೇಲೂ ಅವರದೇ ಹೆಸರಿನ ವಿಶ್ವವಿದ್ಯಾಲಯ. ವೇದಿಕೆ ಮೇಲೆ ಬಂದವರು ಕನ್ನಂಬಾಡಿ ಕಟ್ಟೆ, ತಾನಾಗೇ ತೆರೆಯುವ ಗೇಟು, ತಲೆಯ ಪೇಟ ಅಂತ ಹೇಳಿ ಕೂತುಬಿಡ್ತಾರೆ. ಇನ್ನೊಂದು ಕಡೆ ಪ್ಲೇಸ್‌ಮೆಂಟ್ ತರಬೇತಿಯಲ್ಲಿ ಸಾಫ್ಟ್ ಸ್ಕಿಲ್ಸ್ ಅಂತ ಬೇರೆಯೇ ಕ್ಲಾಸು. ಎರಡಕ್ಕೂ ಸಂಬಂಧ ಇದೆ ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ. ಅವರ ಜೀವನವನ್ನು ಕೂತು ಓದಿದ ಮೇಲೆ ಗೊತ್ತಾಯ್ತು: ಅವರ ದೊಡ್ಡ ಕೆಲಸಗಳಲ್ಲಿ ಲೆಕ್ಕ ಬಿಡಿಸೋದಕ್ಕಿಂತ ಎದುರಿಗಿದ್ದವರನ್ನು ಒಪ್ಪಿಸೋದೇ ಹೆಚ್ಚು ಕಷ್ಟವಾಗಿತ್ತು.

ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ, 1861ರಲ್ಲಿ. ಚಿಕ್ಕ ವಯಸ್ಸಿಗೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಹೊಟ್ಟೆ ಹೊರೆದರು. ಆಮೇಲೆ ಪುಣೆಯಲ್ಲಿ ಎಂಜಿನಿಯರಿಂಗ್, ಮೊದಲ ಸ್ಥಾನ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಕೆಲಸ. ಇಲ್ಲಿವರೆಗೆ ಎಲ್ಲ ರ‍್ಯಾಂಕ್ ವಿದ್ಯಾರ್ಥಿಗಳ ಕಥೆಯೇ.

ಮೊದಲ ಪೆಟ್ಟು ಬಿದ್ದದ್ದು ಕೆಲಸಕ್ಕೆ ಸೇರಿದ ಸ್ವಲ್ಪ ದಿನಕ್ಕೇ. ಧುಳೆ ಕಡೆ ಒಂದು ಹೊಳೆಯ ಅಡಿಯಲ್ಲಿ ನೀರಿನ ಪೈಪು ದಾಟಿಸುವ ಕೆಲಸ ಕೊಟ್ಟರು. ಮಳೆ ಹಿಡೀತು, ಹೊಳೆ ತುಂಬಿ ಬಂತು. ಮಳೆಗಾಲ ಮುಗಿಯೋವರೆಗೆ ನಿಲ್ಲಿಸೋಣ ಅಂತ ಮೇಲಧಿಕಾರಿಗೆ ಬರೆದರು. ತಾಂತ್ರಿಕವಾಗಿ ತಪ್ಪೇನಿಲ್ಲ, ನಾವಾದ್ರೂ ಹಾಗೇ ಬರೀತಿದ್ವಿ. ಮೇಲಧಿಕಾರಿಗೆ ಅದು ಅವಿಧೇಯತೆಯಾಗಿ ಕಂಡಿತು. ಇಪ್ಪತ್ತಮೂರರ ಹುಡುಗ ವಾದಕ್ಕೆ ಇಳಿಯಲಿಲ್ಲ. ಮತ್ತೆ ಕೆಲಸ ಹಿಡಿದು ಮುಗಿಸಿಕೊಟ್ಟ. ಅಧಿಕಾರಿಯ ಅಭಿಪ್ರಾಯವೂ ಬದಲಾಯ್ತು. ಬಾಸ್ ಹೇಳಿದ್ದಕ್ಕೆಲ್ಲ ತಲೆ ಆಡಿಸಬೇಕು ಅಂತ ಇದರ ಅರ್ಥ ಅಲ್ಲ. ಎಲ್ಲಿ ಮಾತು, ಎಲ್ಲಿ ಕೆಲಸ ಅನ್ನೋ ಅಂದಾಜು ಅವರಿಗೆ ಅಲ್ಲಿ ಸಿಕ್ಕಿತು.

ಇನ್ನೂ ಕಷ್ಟದ ಪರೀಕ್ಷೆ ಬಂದದ್ದು ಪುಣೆ ಕಡೆಯ ನೀರಾ ನಾಲೆಯಲ್ಲಿ. ನಾಲೆಯ ತಲೆಯ ಕಡೆಯವರು ಕಬ್ಬು ಹಾಕಿ ನೀರೆಲ್ಲ ಹೀರಿಕೊಂಡರೆ ಕೊನೆಯ ಊರಿನವರು ಕಣ್ಣು ಕಣ್ಣು ಬಿಡಬೇಕು. ಹೇಮಾವತಿ ನಾಲೆ ನೋಡಿದ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ವಿಶ್ವೇಶ್ವರಯ್ಯನವರು ಬ್ಲಾಕ್ ಪದ್ಧತಿ ಅಂತ ಒಂದು ಯೋಜನೆ ಮಾಡಿದರು. ಜಮೀನನ್ನು ಬ್ಲಾಕುಗಳಾಗಿ ಗೊತ್ತುಮಾಡಿ, ಕಬ್ಬು ಒಂದು ಭಾಗಕ್ಕೆ ಮಾತ್ರ, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ, ವರ್ಷದಿಂದ ವರ್ಷಕ್ಕೆ ಸರದಿ. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಇಷ್ಟು ದಿನ ನೀರು ಉಂಡವರು ಸುಮ್ಮನಿರ್ತಾರಾ? ವಿರೋಧ ಎದ್ದಿತು. ಆಫೀಸಿನಿಂದ ಆದೇಶ ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಅವರು ರೈತರ ಮುಂದೆಯೇ ಹೋಗಿ ನಿಂತು ಯಾರಿಗೆ ಎಷ್ಟು ನೀರು, ಯಾಕೆ ಅಂತ ವಿವರಿಸಿದರು. ಒಪ್ಪಿಗೆ ನಿಧಾನಕ್ಕೆ ಬಂತು. ನಮ್ಮ ಪ್ರೆಸೆಂಟೇಷನ್ನಿಗೆ ಕೂರೋರು ಮಾರ್ಕ್ಸ್ ಕೊಡೋ ಮೇಷ್ಟ್ರು ಮಾತ್ರ. ಅವರ ಎದುರು ಕೂತವರು ನೀರು ಕಳಕೊಳ್ಳುವ ಜನ.

ಮುಂಬಯಿ ಕೆಲಸ ಬಿಟ್ಟು, ನಡುವೆ ಹೈದರಾಬಾದಿನ ಮೂಸಿ ಪ್ರವಾಹದ ಕೆಲಸ ನೋಡಿ, 1909ರಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರಾಗಿ ಬಂದರು. ಕನ್ನಂಬಾಡಿ ಕಟ್ಟೆಯ ಯೋಜನೆ ಮುಂದಿಟ್ಟಾಗ ಹಣಕಾಸು ಇಲಾಖೆ ಅಡ್ಡ ನಿಂತಿತು. ಅಷ್ಟು ದುಡ್ಡು ಎಲ್ಲಿಂದ? ಅವರ ಉತ್ತರ ಪೂರ್ತಿ ಅಂಕಿಗಳಲ್ಲೇ ಇತ್ತು. ನೀರಾವರಿಯಿಂದ ಏನು ಬರುತ್ತೆ, ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದ ವಿದ್ಯುತ್ತು ವರ್ಷಪೂರ್ತಿ ಕೊಟ್ಟರೆ ಏನು ಬರುತ್ತೆ. ಕಟ್ಟೆ ಅಂದರೆ ಖರ್ಚು ಅಂದುಕೊಂಡವರಿಗೆ ಅದನ್ನ ಆದಾಯವಾಗಿ ತೋರಿಸಿದರು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮಂಜೂರು ಮಾಡಿದರು. ನಮ್ಮ ಹೊಳೆನರಸೀಪುರದ ಪಕ್ಕ ಹರಿದು ಹೋಗುವ ಹೇಮಾವತಿ ಸೇರೋದು ಅದೇ ಜಲಾಶಯಕ್ಕೆ.

1912ರಲ್ಲಿ ದಿವಾನರಾದರು. ಮೈಸೂರು ಬ್ಯಾಂಕು, ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾಲಯ ಎಲ್ಲ ಆ ಆರು ವರ್ಷಗಳವು, ಪಾಠದಲ್ಲಿ ಓದಿದ್ದೀವಿ. ಹೊಳೆನರಸೀಪುರದಿಂದ ಹಾಸನಕ್ಕೆ ರೈಲಲ್ಲಿ ಬರೋ ಗೆಳೆಯರಿಗೆ ಇದೊಂದು ಗೊತ್ತಿರಲಿ: ಆ ಮೈಸೂರು–ಅರಸೀಕೆರೆ ಮಾರ್ಗ ಹಾಕಿದ್ದೂ ಅವರ ಕಾಲದಲ್ಲೇ. ಚನ್ನರಾಯಪಟ್ಟಣದ ಮೇಲಿನ ಬೆಂಗಳೂರು ಮಾರ್ಗ ಪೂರ್ತಿಯಾಗಲು 2017 ಬರಬೇಕಾಯ್ತು. ಅರಕಲಗೂಡಿನವರಿಗೆ ಇವತ್ತಿಗೂ ಬಸ್ಸೇ ಗತಿ.

ಹಾರ ಹಾಕುವ ದಿನ ಯಾರೂ ಎತ್ತದ ಒಂದು ಮಾತಿದೆ. 1918ರಲ್ಲಿ ಮಹಾರಾಜರು ಹಿಂದುಳಿದ ಜನಾಂಗಗಳಿಗೆ ಸರ್ಕಾರಿ ಕೆಲಸದಲ್ಲಿ ಪ್ರಾತಿನಿಧ್ಯ ಕೊಡೋ ಬಗ್ಗೆ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಹೀಗಾದರೆ ಆಡಳಿತದ ದಕ್ಷತೆ ಕೆಡುತ್ತೆ ಅನ್ನೋದು ವಿಶ್ವೇಶ್ವರಯ್ಯನವರ ನಿಲುವು. ನೀರಾ ನಾಲೆಯಲ್ಲಿ ಕೊನೆಯ ಊರಿಗೂ ನೀರು ಮುಟ್ಟಬೇಕು ಅಂದವರು, ಕಚೇರಿ ಕುರ್ಚಿಯ ವಿಷಯದಲ್ಲಿ ಹಾಗೆ ನೋಡಲಿಲ್ಲ. ನಾವಂತೂ ಇದರಲ್ಲಿ ಮಹಾರಾಜರ ಪಕ್ಷ. ಮನೆಯಲ್ಲಿ ಮೊದಲ ಬಾರಿಗೆ ಎಂಜಿನಿಯರಿಂಗ್ ಮೆಟ್ಟಿಲು ಹತ್ತಿದವರು ನಮ್ಮ ಸಂಘದಲ್ಲೇ ಎಷ್ಟೋ ಜನ ಇದ್ದೀವಿ. ಇಲ್ಲಿ ಅವರಿಗೆ ಎದುರಿನವರನ್ನು ಒಪ್ಪಿಸಲೂ ಆಗಲಿಲ್ಲ, ತಾವು ಒಪ್ಪಲೂ ಆಗಲಿಲ್ಲ. ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು.

ಆದರೆ ಸಂಬಂಧ ಹರಿದುಕೊಂಡು ಹೋಗಲಿಲ್ಲ. ಭದ್ರಾವತಿ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಒದ್ದಾಡುವಾಗ, 1923ರಲ್ಲಿ ಅದೇ ಮಹಾರಾಜರ ಸರ್ಕಾರ ಕರೆಯಿತು. ಅವರೂ ಬಂದರು, ಅಧ್ಯಕ್ಷರಾಗಿ ವರ್ಷಗಟ್ಟಲೆ ದುಡಿದು ಕಾರ್ಖಾನೆಯನ್ನ ನಿಲ್ಲಿಸಿದರು. ಆ ಕೆಲಸಕ್ಕೆ ತಮಗೆ ಬರಬೇಕಿದ್ದ ಹಣವನ್ನ ಹುಡುಗರು ಕಸುಬು ಕಲಿಯೋ ಶಾಲೆಗೆ ಹಾಕಿ ಅಂದರು. ಬೆಂಗಳೂರಿನಲ್ಲಿ ಶಾಲೆ ಆಯ್ತು. ಅದಕ್ಕೆ ಅವರ ಹೆಸರಿಡಲಿಲ್ಲ, ಮಹಾರಾಜ ಜಯಚಾಮರಾಜೇಂದ್ರರ ಹೆಸರಿಟ್ಟರು.