ಜಮಖಂಡಿಯ ಗುರುದೇವ ರಾನಡೆ

ಸಂಜೆ ಜಪಸರ ಮುಗಿಸಿ ಬೈಬಲ್ ತೆರೆದಾಗ ನೀವು ಅದರಲ್ಲಿ ಏನನ್ನು ಹುಡುಕುತ್ತೀರಿ? ಧರ್ಮಗ್ರಂಥದ ಓದನ್ನೇ ಬದುಕಿನ ಆಸರೆ ಮಾಡಿಕೊಂಡ ನಮ್ಮ ನೆರೆಯವರೊಬ್ಬರ ಪರಿಚಯ ಮಾಡಿಕೊಳ್ಳೋಣ. ಅವರು ಕ್ರೈಸ್ತರಲ್ಲ. ಆದರೆ ಇತರ ಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ನಮಗೆ ತಿಳಿಸಿದೆಯಲ್ಲ!

ರಾಮಚಂದ್ರ ದತ್ತಾತ್ರೇಯ ರಾನಡೆ ಹುಟ್ಟಿದ್ದು 1886ರ ಜುಲೈ 3ರಂದು, ಜಮಖಂಡಿಯಲ್ಲಿ. ಮುಧೋಳದಂತೆ ಅದೂ ಆಗ ಒಂದು ಸಂಸ್ಥಾನ. ಶಾಲಾ ಬಾಲಕನಾಗಿದ್ದಾಗಲೇ, 1901ರಲ್ಲಿ, ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮದೀಕ್ಷೆ ಪಡೆದರು. ಓದಿನಲ್ಲಿ ಬಹಳ ಚುರುಕು. ಪುಣೆಯ ಡೆಕ್ಕನ್ ಕಾಲೇಜಿಗೆ ಹೋದರು.

ಆಮೇಲೆ ಕ್ಷಯರೋಗ ಬಂತು. ಆ ಕಾಲದಲ್ಲಿ ಕ್ಷಯಕ್ಕೆ ಔಷಧವೆಲ್ಲಿತ್ತು? ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದೇ 1943ರಲ್ಲಿ. ಇಪ್ಪತ್ತರ ಹರೆಯದ ಆ ಬುದ್ಧಿವಂತನಿಗೆ ಬುದ್ಧಿ ಆಸರೆಯಾಗಲಿಲ್ಲ. ಹುಡುಗನಾಗಿದ್ದಾಗ ಪಡೆದ ನಾಮವನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಬದುಕಿಕೊಂಡರು, ನಿಜ, ಆದರೆ ದೇಹ ಜೀವನಪೂರ್ತಿ ದುರ್ಬಲವಾಗಿಯೇ ಉಳಿಯಿತು. ಆದ್ದರಿಂದ ಇದನ್ನು ಪವಾಡದ ಕಥೆಯೆಂದು ಓದಬೇಡಿ. ಆ ದುರ್ಬಲ ದೇಹ ಎಷ್ಟು ದುಡಿಯಿತು ಎಂಬುದನ್ನು ನೋಡಿ.

1926ರಲ್ಲಿ ಅವರು ಉಪನಿಷತ್ತುಗಳ ಬಗ್ಗೆ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಪಂಡಿತರು ವಾದಕ್ಕೆ ಬಳಸುತ್ತಿದ್ದ ವಾಕ್ಯಗಳನ್ನು ರಾನಡೆಯವರು ದೇವರನ್ನು ಕಂಡವರ ಸಾಕ್ಷ್ಯಗಳೆಂದು ಓದಿದರು. ಪುಸ್ತಕದ ಕೊನೆಯ ಅಧ್ಯಾಯ ಆ ಅನುಭವಕ್ಕೇ ಮೀಸಲು. ಋಷಿ ಕಂಡದ್ದನ್ನು ಓದುಗನೂ ಧ್ಯಾನದಲ್ಲಿ ಅರಸಬೇಕೆಂಬುದು ಅವರ ನಿಲುವು.

ಕಥೋಲಿಕರಾದ ನಮಗೆ ಇನ್ನೊಂದು ಸಂಗತಿ ಹತ್ತಿರವಾದದ್ದು. 1933ರಲ್ಲಿ ಮಹಾರಾಷ್ಟ್ರದ ಸಂತರ ಬಗ್ಗೆ ಬರೆಯುವಾಗ, ದೇವರು ಮುಖ ಮರೆಮಾಡಿದನೆಂದು ತುಕಾರಾಮರು ಅತ್ತ ದಿನಗಳಿಗೆ ಅವರು ಕೊಟ್ಟ ಹೆಸರು ಆತ್ಮದ ಕತ್ತಲ ರಾತ್ರಿ. ಈ ಮಾತು ಎಲ್ಲಿಯದೆಂದು ನಿಮಗೆ ಗೊತ್ತು: ಶಿಲುಬೆಯ ಸಂತ ಯೊವಾನ್ನರದು. 1577ರಲ್ಲಿ ಸ್ವಂತ ಸಭೆಯವರೇ ಆ ಸಂತರನ್ನು ಟೊಲೆಡೊದಲ್ಲಿ ಸೆರೆಯಲ್ಲಿಟ್ಟಾಗ, ಸುಮಾರು ಒಂಬತ್ತು ತಿಂಗಳು ಆ ಇಕ್ಕಟ್ಟಾದ ಕೋಣೆಯಲ್ಲಿ ಅವರು ಬೈಬಲಿನ ಪರಮಗೀತೆಯನ್ನು ಆತ್ಮ ಮತ್ತು ದೇವರ ಪ್ರೇಮವಾಗಿ ಧ್ಯಾನಿಸುತ್ತಾ ಕವಿತೆ ಕಟ್ಟಿದರು. ಜಮಖಂಡಿಯ ಈ ವಿದ್ವಾಂಸರಿಗೆ ಆ ಕತ್ತಲೆಯ ಗುರುತು ಸಿಕ್ಕಿದ್ದು ಬರೀ ಪುಸ್ತಕದಿಂದ ಎಂದು ನನಗಂತೂ ಅನಿಸುವುದಿಲ್ಲ.

ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಉಪಕುಲಪತಿಯೂ ಆಗಿ 1946ರಲ್ಲಿ ನಿವೃತ್ತರಾದರು. ಆಮೇಲೆ ನೆಲೆಸಿದ್ದು ಇಂಡಿ ಭಾಗದ ನಿಂಬಾಳದಲ್ಲಿ. ಪುರಂದರದಾಸರು, ಕನಕದಾಸರು, ನಿಜಗುಣರು ಮೊದಲಾದ ಕನ್ನಡ ಸಂತರನ್ನು ಕುರಿತ ಅವರ ಉಪನ್ಯಾಸಗಳು ಪುಸ್ತಕವಾಗಿ ಬರುವಷ್ಟರಲ್ಲಿ ಅವರಿರಲಿಲ್ಲ. 1957ರ ಜೂನ್ 6ರಂದು ನಿಂಬಾಳದಲ್ಲೇ ತೀರಿಕೊಂಡರು. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ರೈಲು ದಾರಿಯಲ್ಲಿ ಆ ಊರು ಸಿಗುತ್ತದೆ; ಅವರ ಸಮಾಧಿ ಅಲ್ಲಿದೆ.