ಹಲ್ಲಿನ ಡಾಕ್ಟರಿಗೆ ಸಿಕ್ಕ ಸಾವಿರ ಪೌಂಡಿನ ಮೀನು

ಅಪ್ಪ ಹಲ್ಲಿನ ಡಾಕ್ಟರು. ಆದ್ದರಿಂದ ಮಗನೂ ಹಲ್ಲಿನ ಡಾಕ್ಟರೇ ಆಗಬೇಕು. ಇದು ನಮ್ಮ ಪಕ್ಕದ ಮನೆಯ ಕತೆಯಲ್ಲ, ನೂರಮೂವತ್ತು ವರ್ಷಗಳಿಗೂ ಹಿಂದಿನ ಅಮೆರಿಕದ್ದು. ಆ ಮಗ ಅಪ್ಪ ಹೇಳಿದಂತೆ ಡಾಕ್ಟರೂ ಆದ. ಆಮೇಲೆ ಅದನ್ನು ಬಿಟ್ಟು ಕಾದಂಬರಿಕಾರನಾದ. ಕಾದಂಬರಿಯ ದುಡ್ಡಿನಲ್ಲಿ ಸಮುದ್ರಕ್ಕಿಳಿದು, ಗಾಳದಿಂದ ಸಾವಿರ ಪೌಂಡ್ ಮೀರಿದ ಮೀನನ್ನು ಹಿಡಿದ ಮೊದಲಿಗನೂ ಆದ. ಅವನೇ ಝೇನ್ ಗ್ರೇ.

ಹುಟ್ಟಿದ್ದು 1872ರ ಜನವರಿ 31ರಂದು, ಒಹಾಯೊ ರಾಜ್ಯದ ಝೇನ್ಸ್‌ವಿಲ್‌ನಲ್ಲಿ. ತಾಯಿಯ ಪೂರ್ವಿಕರೇ ಕಟ್ಟಿದ ಊರದು. ಮನೆಯವರು ಇಟ್ಟ ಹೆಸರು ಪರ್ಲ್, ಅಂದರೆ ಮುತ್ತು. ಹುಡುಗಿಯ ಹೆಸರೆಂದು ಎಲ್ಲರೂ ರೇಗಿಸುತ್ತಿದ್ದ ಅದನ್ನು ಮುಂದೆ ಅವನು ಕೈಬಿಟ್ಟ. ಹದಿನೈದನೇ ವಯಸ್ಸಿನಲ್ಲಿ ಮೊದಲ ಕತೆ ಬರೆದ. ಅದು ಅಪ್ಪನ ಕೈಗೆ ಸಿಕ್ಕಿತು. ಅಪ್ಪ ಹಾಳೆಗಳನ್ನು ಹರಿದು ಚೂರು ಮಾಡಿ, ಮಗನಿಗೂ ಚೆನ್ನಾಗಿ ಬಾರಿಸಿದ. ಮೀನು ಹಿಡಿಯುವ ಹುಚ್ಚೂ ಅಪ್ಪನಿಗೆ ಹಿಡಿಸುತ್ತಿರಲಿಲ್ಲ. ಅಪ್ಪನ ಜೊತೆ ನಿಂತು ಕೆಲಸ ಕಲಿತ ಹುಡುಗ, ಪದವಿ ಇಲ್ಲದೆಯೇ ಹಳ್ಳಿಗಳಿಗೆ ಹೋಗಿ ಹಲ್ಲು ಕೀಳತೊಡಗಿದ. ಕೊನೆಗೆ ಸರ್ಕಾರದ ದಂತವೈದ್ಯ ಮಂಡಳಿಯೇ ಅದನ್ನು ನಿಲ್ಲಿಸಬೇಕಾಯಿತು!

ಓದಿಗೆ ದಾರಿ ಮಾಡಿಕೊಟ್ಟಿದ್ದು ಬೇಸ್‌ಬಾಲ್. ಆಟಗಾರನೆಂಬ ಕಾರಣಕ್ಕೆ ವಿದ್ಯಾರ್ಥಿವೇತನ ಪಡೆದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಸೇರಿದ. 1896ರಲ್ಲಿ ದಂತವೈದ್ಯಕೀಯ ಪದವಿ ಪಡೆದು ನ್ಯೂಯಾರ್ಕ್‌ನಲ್ಲಿ ಕ್ಲಿನಿಕ್ ತೆರೆದ. ಹಗಲು ಹಲ್ಲು, ರಾತ್ರಿ ಬರವಣಿಗೆ. 1903ರಲ್ಲಿ ಮೊದಲ ಕಾದಂಬರಿ ‘ಬೆಟ್ಟಿ ಝೇನ್’ ಮುದ್ರಿಸಲು ಪ್ರಕಾಶಕರು ಸಿಗದೆ ತಾನೇ ಪ್ರಕಟಿಸಿದ.

ಅಷ್ಟರಲ್ಲಿ ಅವನಿಗೆ ಲೀನಾ ರೋತ್ ಎಂಬ ಹುಡುಗಿಯ ಪರಿಚಯವಾಗಿತ್ತು. ಅವಳನ್ನು ಡಾಲಿ ಎಂದು ಕರೆಯುತ್ತಿದ್ದ. 1905ರಲ್ಲಿ ಮದುವೆಯಾಯಿತು. ಕ್ಲಿನಿಕ್ ಬಾಗಿಲು ಮುಚ್ಚಿ, ಡೆಲವೇರ್ ನದಿಯ ದಡದ ಲ್ಯಾಕವ್ಯಾಕ್ಸನ್ ಎಂಬ ಪುಟ್ಟ ಊರಿನಲ್ಲಿ ಇಬ್ಬರೂ ನೆಲೆಸಿದರು. ಕೈಯಲ್ಲಿ ಕಾಸಿಲ್ಲದ ಆ ದಿನಗಳಲ್ಲಿ ಡಾಲಿಗೆ ತವರಿನ ಕಡೆಯಿಂದ ಬಂದಿದ್ದ ಹಣವೇ ಆಧಾರ. ಅವನ ವ್ಯಾಕರಣ ತಿದ್ದಿದವಳು, ಮುಂದೆ ಪ್ರಕಾಶಕರೊಂದಿಗೆ ವ್ಯವಹಾರ ಕುದುರಿಸಿದವಳೂ ಅವಳೇ. ನ್ಯೂಯಾರ್ಕ್‌ನ ಹಾರ್ಪರ್ ಸಂಸ್ಥೆಯ ಸಂಪಾದಕರೊಬ್ಬರು ಒಂದು ಹಸ್ತಪ್ರತಿ ಓದಿ, ಇವನಿಗೆ ಬರೆಯಲು ಬರುತ್ತದೆ ಎನ್ನುವುದಕ್ಕೆ ಅದರಲ್ಲಿ ಏನೂ ಕಾಣಲಿಲ್ಲ ಎಂದು ವಾಪಸ್ ಕಳಿಸಿದ್ದರು. ಅದೇ ಸಂಸ್ಥೆ 1910ರಲ್ಲಿ ಅವನ ಕಾದಂಬರಿ ಪ್ರಕಟಿಸಿತು. 1912ರ ‘ರೈಡರ್ಸ್ ಆಫ್ ದಿ ಪರ್ಪಲ್ ಸೇಜ್’ ಅವನ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಅವನ ಕತೆಗಳನ್ನು ಆಧರಿಸಿ ನೂರಕ್ಕೂ ಹೆಚ್ಚು ಸಿನಿಮಾಗಳು ಬಂದಿವೆ.

ದುಡ್ಡು ಬಂದಿದ್ದೇ ತಡ, ಚಿಕ್ಕಂದಿನ ಹುಚ್ಚು ಕೆರಳಿತು. ಕ್ಯಾಲಿಫೋರ್ನಿಯಾ, ನ್ಯೂಜಿಲೆಂಡ್, ತಹಿತಿ ಎಂದು ಹಡಗು ಕಟ್ಟಿಕೊಂಡು ಹೊರಟ. ಅವನ ಕಣ್ಣು ಮಾರ್ಲಿನ್ ಮೇಲೆ. ಈಟಿಯಂಥ ಮೂತಿಯ ಈ ಮೀನು ಗಾಳಕ್ಕೆ ಸಿಕ್ಕರೆ ನೀರಿನಿಂದ ಪೂರ್ತಿ ಮೇಲಕ್ಕೆ ಚಿಮ್ಮುತ್ತದೆ. ಅದನ್ನು ಮೇಲಕ್ಕೆ ಸೆಳೆಯಲು ಗ್ರೇ ದೋಣಿಯ ಹಿಂದೆ ಕೊಕ್ಕೆಯಿಲ್ಲದ ನಕಲಿ ಆಮಿಷವನ್ನು ಎಳೆದುಕೊಂಡು ಹೋಗುತ್ತಿದ್ದ. ನೀರು ಚಿಮ್ಮಿಸುತ್ತಾ ಓಡುವ ಅದನ್ನು ಮರಿಮೀನೆಂದು ನಂಬಿ ಮಾರ್ಲಿನ್ ಬೆನ್ನಟ್ಟಿ ಬರುತ್ತದೆ. ಆಗ ಅದರ ಮುಂದೆ ಕೊಕ್ಕೆ ಬೀಳುತ್ತದೆ.

ಎಂಜಿನಿಯರಿಂಗ್ ಓದುವವರಿಗೆ ಇನ್ನು ಮುಂದಿನದೇ ಸ್ವಾರಸ್ಯ. ಆಗ ದೊಡ್ಡ ಮೀನಿಗೆ ಬಳಸುತ್ತಿದ್ದ ದಪ್ಪ ದಾರವೆಂದರೆ 39 ಎಳೆಗಳ ಲಿನನ್ ದಾರ. ಒಂದು ಎಳೆಗೆ 3 ಪೌಂಡ್ ಲೆಕ್ಕ ಹಿಡಿದರೆ ಒಟ್ಟು 117 ಪೌಂಡ್, ಅಂದರೆ 53 ಕೆ.ಜಿ. ಭಾರಕ್ಕೆ ಅದು ತುಂಡಾಗುತ್ತದೆ. ಹಾಗಿದ್ದರೆ ಅದರಲ್ಲಿ ಐನೂರು ಕೆ.ಜಿ. ಹತ್ತಿರದ ಮೀನು ನಿಲ್ಲುವುದು ಹೇಗೆ? ಗುಟ್ಟು ರೀಲಿನ ಬ್ರೇಕಿನಲ್ಲಿದೆ. ದಾರ ತಾಳುವ ಬಲಕ್ಕಿಂತ ಕಡಿಮೆಗೆ ಬ್ರೇಕ್ ಹೊಂದಿಸಿರುತ್ತಾರೆ. ಮೀನು ಜೋರಾಗಿ ಎಳೆದರೆ ರೀಲು ಜಾರಿ ದಾರ ಬಿಡುತ್ತದೆ, ದಾರ ತುಂಡಾಗುವುದಿಲ್ಲ. ಆದರೆ ಪ್ರತಿ ಅಡಿ ದಾರಕ್ಕೂ ಮೀನು ಬ್ರೇಕಿನ ಘರ್ಷಣೆಯ ವಿರುದ್ಧ ಶಕ್ತಿ ವ್ಯಯಿಸಲೇಬೇಕು. ಅದು ದಣಿದಾಗ ಕೋಲನ್ನು ಎತ್ತಿ, ಇಳಿಸುತ್ತಾ ದಾರ ಸುತ್ತಿಕೊಳ್ಳಬೇಕು. ಗಂಟೆಗಟ್ಟಲೆ ಇದೇ ಕೆಲಸ. ಬಿಗಿ ಹಿಡಿದರೆ ದಾರ ಹೋಗುತ್ತದೆ, ಸಡಿಲ ಬಿಟ್ಟರೆ ಮೀನು ಹೋಗುತ್ತದೆ. ಇಂಥ ರೀಲುಗಳ ವಿನ್ಯಾಸದಲ್ಲಿ ಗ್ರೇಗೆ ಎಷ್ಟು ಆಸಕ್ತಿಯಿತ್ತೆಂದರೆ ಇಂಗ್ಲೆಂಡಿನ ಹಾರ್ಡಿ ಕಂಪನಿ ಅವನ ಹೆಸರಿನಲ್ಲೇ ಒಂದು ರೀಲು ತಯಾರಿಸಿತು.

1930ರ ಮೇ ತಿಂಗಳಿನಲ್ಲಿ ತಹಿತಿಯ ಕಡಲಲ್ಲಿ ಕೊನೆಗೂ ಆ ಮೀನು ಸಿಕ್ಕಿತು. ಆಗ ಅವನಿಗೆ 58 ವರ್ಷ. ಆದರೆ ದೋಣಿಯ ಹತ್ತಿರ ಬರುವಷ್ಟರಲ್ಲಿ ಶಾರ್ಕ್‌ಗಳು ಮುತ್ತಿಕೊಂಡವು. ಕೊಕ್ಕೆಗೆ ಸಿಕ್ಕಿಬಿದ್ದ ಮೀನು ತಪ್ಪಿಸಿಕೊಳ್ಳುವುದೆಲ್ಲಿಗೆ? ಬಾಲದ ಕಡೆಯ ಮಾಂಸವನ್ನು ಅವು ಕಿತ್ತು ತಿಂದವು. ಉಳಿದದ್ದನ್ನು ದಡಕ್ಕೆ ತಂದು ತೂಗಿದಾಗ 1,040 ಪೌಂಡ್, ಅಂದರೆ 472 ಕೆ.ಜಿ! ಹೆಮಿಂಗ್ವೆಯ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಓದಿದವರಿಗೆ ಇದು ಎಲ್ಲೋ ಕೇಳಿದಂತಿದೆ ಅನ್ನಿಸಬಹುದು. ಆ ಕಾದಂಬರಿ ಬಂದಿದ್ದು 1952ರಲ್ಲಿ.

ವಿಚಿತ್ರವೆಂದರೆ ಆ ಮೀನಿಗೆ ಇಂದಿನ ದಾಖಲೆ ಪಟ್ಟಿಯಲ್ಲಿ ಜಾಗವಿಲ್ಲ. ಶಾರ್ಕ್ ಕಚ್ಚಿದ ಮೀನನ್ನು ಅಂತರರಾಷ್ಟ್ರೀಯ ಗಾಳ ಸಂಘದ ನಿಯಮ ಒಪ್ಪುವುದಿಲ್ಲ. ಮಾರ್ಲಿನ್‌ಗಳಲ್ಲಿ ಈಗಲೂ ಹೆಸರಾಗಿರುವುದು 1953ರಲ್ಲಿ ಪೆರುವಿನ ಕಾಬೊ ಬ್ಲಾಂಕೊದಲ್ಲಿ ಸಿಕ್ಕ 1,560 ಪೌಂಡಿನ ಕಪ್ಪು ಮಾರ್ಲಿನ್.

ಗ್ರೇಯನ್ನು ದೇವರು ಮಾಡುವ ಅಗತ್ಯವಿಲ್ಲ. ತಿಂಗಳುಗಟ್ಟಲೆ ಮನೆ ಬಿಟ್ಟು ಹೋಗುತ್ತಿದ್ದ, ಬೇರೆ ಹೆಂಗಸರ ಸಂಗವೂ ಇತ್ತು, ಹಡಗಿಗಾಗಿ ದುಡ್ಡನ್ನು ನೀರಿನಂತೆ ಚೆಲ್ಲಿದ. ಮೂವರು ಮಕ್ಕಳನ್ನೂ ಲೆಕ್ಕಪತ್ರವನ್ನೂ ನೋಡಿಕೊಂಡವಳು ಡಾಲಿ. ಅವನ ಬ್ರೇಕು ಅವಳೇ ಆಗಿದ್ದಳು ಅನ್ನಿಸುತ್ತದೆ. 1937ರಲ್ಲಿ ಒರೆಗಾನ್‌ನ ನದಿಯೊಂದರಲ್ಲಿ ಮೀನು ಹಿಡಿಯುವಾಗ ಪಾರ್ಶ್ವವಾಯು ಹೊಡೆಯಿತು. 1939ರ ಅಕ್ಟೋಬರ್ 23ರಂದು ಕ್ಯಾಲಿಫೋರ್ನಿಯಾದ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡ.

ನಾನು ಬಿ.ಇ. ಸೇರಿದ್ದು ಅಪ್ಪನ ಆಸೆಗೆ. ಓದು ಇಷ್ಟವಿಲ್ಲ ಅಂತಲ್ಲ, ಮೇಲಿನ ರೀಲಿನ ಲೆಕ್ಕ ಖುಷಿ ಕೊಟ್ಟಿದ್ದು ಕ್ಲಾಸಿನಲ್ಲಿ ಕಲಿತದ್ದರಿಂದಲೇ. ಆದರೆ ಮೆಕ್ಯಾನಿಕ್ಸ್ ನೋಟ್‌ಬುಕ್ಕಿನ ಹಿಂಬದಿಯ ಹಾಳೆಗಳಲ್ಲಿ ಎರಡು ವರ್ಷದಿಂದ ಕತೆಗಳಿವೆ. ರಜೆಗೆ ಊರಿಗೆ ಹೋಗುವಾಗ ಆ ಪುಸ್ತಕವನ್ನು ಹಾಸ್ಟೆಲ್ಲಿನಲ್ಲೇ ಬಿಟ್ಟು ಹೋಗುತ್ತೇನೆ. ನಮ್ಮಪ್ಪ ಹಾಳೆ ಹರಿಯುವವರಲ್ಲ. ಸುಮ್ಮನಾಗುವವರು. ನನಗೆ ಅದೇ ಹೆಚ್ಚು ಭಯ.

ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ಈ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವುದು ಅವರ ರೂಢಿ. ಇದು ಪ್ರಕಟವಾದರೆ ಇಷ್ಟು ಹೊತ್ತಿಗೆ ಅವರಿಗೆ ವಿಷಯ ಗೊತ್ತಾಗಿರುತ್ತದೆ. ಅಪ್ಪಾ, ಸಂಜೆ ಫೋನ್ ಮಾಡುತ್ತೇನೆ. ಮುಂದಿನ ರಜೆಗೆ ಪುಸ್ತಕವನ್ನೂ ತರುತ್ತೇನೆ.