ದಿನಕ್ಕೊಂದು ಪದ – ಶ್ರೀ ವಿಜಯದಾಸರ ಜೀವಿತದ ಬೆಳಕಿನಲ್ಲಿ

ಕಾರ್ತಿಕ ಶುದ್ಧ ದಶಮಿಯು ಶ್ರೀ ವಿಜಯದಾಸರ ಪುಣ್ಯದಿನವೆಂಬುದು ಮಾಧ್ವಕುಟುಂಬಗಳೆಲ್ಲಕ್ಕೂ ತಿಳಿದ ಸಂಗತಿ. ಆ ದಿನ ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಭಜನಾಮಂಡಲಿಗಳವರು ತಾಳ ತಂಬೂರಿಗಳೊಡನೆ ಕೂಡಿ ದಾಸರ ಸುಳಾದಿಗಳನ್ನು ಹಾಡುವುದು ರೂಢಿ. ಆದರೆ ಆರಾಧನೆಯು ವರ್ಷಕ್ಕೊಂದು ದಿನ. ಉಳಿದ ದಿನಗಳಲ್ಲಿ ಮನೆಮನೆಯ ದೇವರ ಕೋಣೆಯಲ್ಲಿ ಬೆಳಗಾಗುತ್ತಲೇ ಏಳುವ ಪ್ರಶ್ನೆ ಒಂದೇ: ಇಂದು ಯಾವ ಪದವನ್ನು ಹಾಡೋಣ?

ಈ ಪ್ರಶ್ನೆ ಮೇಲ್ನೋಟಕ್ಕೆ ಅಲ್ಪವಾದುದು. ಗುರುವಾರ ಗುರುಗಳ ಪದ, ಶುಕ್ರವಾರ ಮಹಾಲಕ್ಷ್ಮಿಯ ಪದ, ಶನಿವಾರ ಶ್ರೀನಿವಾಸನದೂ ಪ್ರಾಣದೇವರದೂ ಎಂಬ ಕಟ್ಟಳೆ ನಮ್ಮಲ್ಲಿದೆ. ಆದರೂ ವಾರವನ್ನು ನೋಡಿ ಹಾಡುವ ನಾಲಿಗೆ ಒಂದು ಕಡೆ, ಹೊತ್ತೇರುವ ಮೊದಲೇ ಸಂಸಾರದ ಚಿಂತೆಯಲ್ಲಿ ಮುಳುಗಿದ ಮನಸ್ಸು ಇನ್ನೊಂದು ಕಡೆ ಆಗುವುದುಂಟು. ಮನಸ್ಸಿಗೆ ಒಗ್ಗಿದ ಪದವನ್ನು ಆರಿಸಿಕೊಳ್ಳಬಹುದೆ, ಅಥವಾ ಅದು ಮನಸ್ಸಿಗೆ ಕೊಟ್ಟ ಸಲಿಗೆಯಾದೀತೆ ಎಂದು ಭಜನೆ ಮುಗಿದ ಮೇಲೆ ಹಲವರು ಕೇಳುತ್ತಿರುತ್ತಾರೆ. ತರ್ಕದಿಂದ ಇದಕ್ಕೆ ಉತ್ತರ ಹೇಳುವುದಕ್ಕಿಂತ, ಬದುಕಿನ ಒಂದೊಂದು ಸ್ಥಿತಿಯನ್ನೂ ಒಂದೊಂದು ಪದವನ್ನಾಗಿ ಮಾಡಿ ಶ್ರೀಹರಿಯ ಪಾದಕ್ಕೆ ಒಪ್ಪಿಸಿದ ಮಹನೀಯರೊಬ್ಬರ ಚರಿತ್ರೆಯನ್ನು ನೆನೆಯುವುದು ಮೇಲೆಂದು ನಾವು ಭಾವಿಸುತ್ತೇವೆ.

ಶ್ರೀ ವಿಜಯದಾಸರು ಅವತರಿಸಿದ್ದು 1682ರಲ್ಲಿ, ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕಿನ ಚೀಕಲಪರವಿ ಗ್ರಾಮದಲ್ಲಿ. ತುಂಗಭದ್ರೆಯ ದಡದ ಈ ಊರು ನಮ್ಮ ಸಿಂಧನೂರಿನವರಿಗೆ ನೆರೆಯದೇ. ತಂದೆ ಶ್ರೀನಿವಾಸಪ್ಪನವರು, ತಾಯಿ ಕೂಸಮ್ಮನವರು. ಮಗುವಿಗೆ ಇಟ್ಟ ಹೆಸರು ದಾಸಪ್ಪ. ಶ್ರೀ ರಾಘವೇಂದ್ರತೀರ್ಥರು ಮಂಚಾಲೆಯಲ್ಲಿ ವೃಂದಾವನಸ್ಥರಾಗಿ ಆಗ ಹನ್ನೊಂದು ವರ್ಷಗಳು ಸಂದಿದ್ದವು. ಶ್ರೀ ಪುರಂದರದಾಸರು ಹರಿಪದ ಸೇರಿ ಶತಮಾನವೇ ಕಳೆದಿತ್ತು. 1565ರಲ್ಲಿ ವಿಜಯನಗರದ ವೈಭವ ಅಳಿದ ಮೇಲೆ ದಾಸರ ಹಾಡಿನ ಹೊನಲು ತೆಳುವಾಗಿ ಹರಿಯುತ್ತಿದ್ದ ಕಾಲವದು. ದಾಸಪ್ಪನಿಗೆ ನಾಲ್ಕು ವರ್ಷವಾಗಿದ್ದಾಗ, 1686ರಲ್ಲಿ, ಬಿಜಾಪುರವು ಔರಂಗಜೇಬನ ಕೈವಶವಾಯಿತು. ಕೃಷ್ಣಾ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡು ದಂಡುಗಳ ಓಡಾಟಕ್ಕೆ ದಾರಿಯಾಯಿತು. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಇಂದು ಭತ್ತದ ಗದ್ದೆಗಳನ್ನು ಕಾಣುವ ನಾವು, ಮಳೆಯನ್ನೇ ನಂಬಿದ್ದ ಅಂದಿನ ನೆಲದ ಬವಣೆಯನ್ನು ಊಹಿಸಿಕೊಳ್ಳಬೇಕಾಗುತ್ತದೆ.

ಶ್ರೀನಿವಾಸಪ್ಪನವರ ಮನೆಯಲ್ಲಿ ಬಡತನವು ನೆಲೆಯೂರಿದ್ದಿತು. ಮನೆಮಂದಿಯ ಹಸಿವನ್ನು ಕಂಡು ಸಹಿಸಲಾರದೆ ದಾಸಪ್ಪನವರು ಎಳೆಯ ವಯಸ್ಸಿನಲ್ಲಿಯೇ ಊರು ಬಿಟ್ಟು ಅಲೆದರೆಂದೂ, ಕಾಶಿಯವರೆಗೆ ನಡೆದರೆಂದೂ ಚರಿತ್ರಕಾರರು ಹೇಳುತ್ತಾರೆ. ಮರಳಿ ಬಂದ ಮೇಲೆ ಅರಳಮ್ಮನವರೊಡನೆ ವಿವಾಹವಾಯಿತು. ಗೃಹಸ್ಥರಾದ ಮೇಲೂ ದಾರಿದ್ರ್ಯ ಬಿಡಲಿಲ್ಲ. ಈ ಸಂಗತಿಯನ್ನು ಕೆಲವರು ಸಂಕ್ಷೇಪವಾಗಿ ಹೇಳಿ ಮುಂದಕ್ಕೆ ಸಾಗಿಬಿಡುತ್ತಾರೆ. ನಾವಾದರೋ ಇಲ್ಲಿ ಒಂದು ಕ್ಷಣ ನಿಲ್ಲಬೇಕೆನ್ನುತ್ತೇವೆ. ಅನ್ನವಿಲ್ಲದ ಮನೆಯಲ್ಲಿ ಯಜಮಾನನಾಗಿರುವ ಸಂಕಟವೇನೆಂಬುದನ್ನು ದಾಸರು ಪುಸ್ತಕದಿಂದ ಕಲಿತವರಲ್ಲ. ಮುಂದೆ ಅವರ ಪದಗಳಲ್ಲಿ ದೈನ್ಯವು ಅಷ್ಟು ಸಹಜವಾಗಿ ನುಡಿದುದು ಅದಕ್ಕಾಗಿಯೇ.

ಕಾಶೀಯಾತ್ರೆಯ ಕಾಲದಲ್ಲಿಯೇ ಅವರ ಬದುಕಿನ ತಿರುವು ಒದಗಿತು. ಶ್ರೀ ಪುರಂದರದಾಸರು ಸ್ವಪ್ನದಲ್ಲಿ ಕಾಣಿಸಿಕೊಂಡು, ವಿಜಯವಿಠಲನೆಂಬ ಅಂಕಿತವನ್ನು ಅನುಗ್ರಹಿಸಿದರೆಂಬುದು ಸಂಪ್ರದಾಯ. ದಾಸಪ್ಪನವರು ಅಂದಿನಿಂದ ವಿಜಯದಾಸರಾದರು. ಪುರಂದರದಾಸರು ಐದು ಲಕ್ಷ ಕೃತಿಗಳನ್ನು ಸಂಕಲ್ಪಿಸಿ ನಾಲ್ಕು ಲಕ್ಷ ಎಪ್ಪತ್ತೈದು ಸಾವಿರವನ್ನು ರಚಿಸಿದರು, ಉಳಿದ ಇಪ್ಪತ್ತೈದು ಸಾವಿರವನ್ನು ವಿಜಯದಾಸರು ಪೂರೈಸಿದರು ಎಂಬ ನಂಬಿಕೆ ನಮ್ಮ ಹಿರಿಯರಿಂದ ಬಂದಿದೆ. ಇಂದು ನಮಗೆ ದೊರೆತಿರುವುದು ಆ ರಾಶಿಯ ಒಂದು ಭಾಗ ಮಾತ್ರ. ದೊರೆತಷ್ಟನ್ನೇ ದಿನಕ್ಕೊಂದರಂತೆ ಹಾಡಿದರೂ ವರ್ಷಗಳು ಬೇಕು.

ದಾಸರು ತಮ್ಮ ಪದಗಳನ್ನು ಒಂದೆಡೆ ಕುಳಿತು ರಚಿಸಿದವರಲ್ಲ. ಕಾಶಿಗೆ ಮೂರು ಬಾರಿ ಹೋಗಿ ಬಂದರು. ತಿರುಪತಿಯೇ ಮೊದಲಾದ ಕ್ಷೇತ್ರಗಳನ್ನು ಸುತ್ತಿದರು. ಹೊಳೆ ಕಂಡಲ್ಲಿ ಹೊಳೆಯ ಅಭಿಮಾನಿ ದೇವತೆಯ ಸ್ತುತಿ, ಗುಡಿ ಕಂಡಲ್ಲಿ ಗುಡಿಯೊಡೆಯನ ಸ್ತುತಿ. ಭಯಕ್ಕೆ ನರಸಿಂಹ ಸುಳಾದಿ, ದುರಿತಕ್ಕೆ ದುರ್ಗಾ ಸುಳಾದಿ, ರೋಗಕ್ಕೆ ಧನ್ವಂತರಿ ಸುಳಾದಿ ಎಂದು ಇಂದಿಗೂ ನಮ್ಮ ಮನೆಗಳಲ್ಲಿ ಅವನ್ನು ನಿಯಮದಿಂದ ಪಠಿಸುವವರಿದ್ದಾರೆ. ಮನಸ್ಸು ಯಾವ ಸ್ಥಿತಿಯಲ್ಲಿದ್ದಿತೋ ಆ ಸ್ಥಿತಿಯಲ್ಲಿಯೇ ಅದನ್ನು ಎತ್ತಿ ಹರಿಯ ಮುಂದಿಟ್ಟ ರೀತಿ ಅವರದು.

ಕೃತಿಗಳ ಬಗೆಯೂ ಇದಕ್ಕೆ ಅನುಗುಣವಾಗಿದೆ. ಪಲ್ಲವಿ, ಅನುಪಲ್ಲವಿ, ಚರಣಗಳುಳ್ಳ ಪದವು ಎಲ್ಲರೂ ಕೂಡಿ ಹಾಡತಕ್ಕದ್ದು. ಉಗಾಭೋಗವು ತಾಳದ ಕಟ್ಟಿಲ್ಲದೆ ಮನಸ್ಸು ಹರಿದಂತೆ ಹರಿಯುವುದು. ಸುಳಾದಿಯಾದರೋ ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಮುಂತಾದ ತಾಳಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಸಾಗಿ, ಕೊನೆಗೆ ಜತೆಯೆಂಬ ಎರಡು ಸಾಲುಗಳಲ್ಲಿ ನೆಲೆಗೊಳ್ಳುತ್ತದೆ. ಒಂದು ಸುಳಾದಿಯನ್ನು ಮೊದಲಿನಿಂದ ಕಡೆಯವರೆಗೆ ಹಾಡಿದವನು, ಆರಂಭಿಸಿದಾಗ ಯಾವ ಮನಸ್ಸಿನಲ್ಲಿದ್ದನೋ ಮುಗಿಸುವಾಗ ಅದೇ ಮನಸ್ಸಿನಲ್ಲಿ ಇರುವುದಿಲ್ಲ. ತಾಳ ಬದಲಾದಂತೆ ವಿಚಾರವೂ ಮೇಲೇರುತ್ತದೆ. ಅಳುತ್ತ ತೊಡಗಿದವನು ಶರಣಾಗತಿಯಲ್ಲಿ ಮುಗಿಸುತ್ತಾನೆ. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಪ್ರಶ್ನೆಗೆ ಉತ್ತರವು ಇದರಲ್ಲಿಯೇ ಇದೆ.

ದಾಸರ ಕರುಣೆಗೆ ಸಾಕ್ಷಿಯಾದ ಪ್ರಸಂಗವೊಂದನ್ನು ಇಲ್ಲಿ ಹೇಳದಿರಲಾಗದು. ಹಸುಗೂಸನ್ನು ಕಟ್ಟಿಕೊಂಡು ಪ್ರಾಣ ಕಳೆದುಕೊಳ್ಳಲು ಹೊರಟಿದ್ದ ತಾಯಿಯೊಬ್ಬಳನ್ನು ಅವರು ತಡೆದು, ಸಂತೈಸಿ, ಮನೆಗೆ ಕರೆತಂದರಂತೆ. ತಮ್ಮ ಮನೆಯಲ್ಲಿಯೇ ಕಡುಕಷ್ಟವನ್ನು ಕಂಡಿದ್ದ ಅರಳಮ್ಮನವರು ಆ ತಾಯಿಮಕ್ಕಳಿಗೆ ಆಶ್ರಯವಿತ್ತರು. ಆ ಮಗುವೇ ಮುಂದೆ ಮೋಹನವಿಠಲಾಂಕಿತರಾದ ಶ್ರೀ ಮೋಹನದಾಸರು. ಬದುಕು ಬೇಡವೆಂದಿದ್ದ ಮನಸ್ಸಿಗೆ ದಾಸರು ಮೊದಲು ಕೊಟ್ಟುದು ಉಪದೇಶವಲ್ಲ, ಒಂದು ಮನೆ. ಹಾಡು ಅನಂತರ ಬಂತು. ಭಜನೆಯ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತವರ ದುಃಖವನ್ನು ಕಾಣದೆ ಕೇವಲ ರಾಗವನ್ನು ಲೆಕ್ಕಿಸುವವರಿಗೆ ಇದು ಪಾಠವಾಗಲಿ.

ಇನ್ನೊಂದು ಪ್ರಸಂಗವು ಇನ್ನೂ ಪ್ರಸಿದ್ಧವಾದುದು. ಮಾನ್ವಿಯ ಸೀಮೆಯಲ್ಲಿ ಬ್ಯಾಗವಾಟದ ಶ್ರೀನಿವಾಸಾಚಾರ್ಯರೆಂಬ ತರುಣ ಪಂಡಿತರಿದ್ದರು. ಸಂಸ್ಕೃತಶಾಸ್ತ್ರಗಳಲ್ಲಿ ಪಾರಂಗತರು, ಕನ್ನಡದಲ್ಲಿ ಹಾಡುತ್ತ ಗೆಜ್ಜೆ ಕಟ್ಟಿ ಕುಣಿಯುವ ದಾಸರನ್ನು ಕಂಡರೆ ಅವರಿಗೆ ತಾತ್ಸಾರ. ವಿಜಯದಾಸರು ಮಾನ್ವಿಗೆ ಬಂದು ಪ್ರಸಾದಕ್ಕೆ ಆಹ್ವಾನಿಸಿದಾಗ, ಹೊಟ್ಟೆಶೂಲೆಯೆಂಬ ನೆಪವನ್ನೊಡ್ಡಿ ಬಾರದೆ ಹೋದರು. ನೆಪವು ನಿಜವಾಯಿತು. ಶೂಲೆಯು ಪ್ರಾಣಾಂತಿಕವಾಗಿ ಬೆಳೆದು, ಯಾವ ಔಷಧಕ್ಕೂ ಬಗ್ಗದೆ ಹೋಯಿತು. ಕೊನೆಗೆ ಅವರು ವಿಜಯದಾಸರ ಬಳಿಗೇ ಬಂದು ಕಾಲಿಗೆ ಬಿದ್ದರು. ದಾಸರು ಕೋಪಿಸಿಕೊಳ್ಳಲಿಲ್ಲ; ತಮ್ಮ ಶಿಷ್ಯರಾದ ಉತ್ತನೂರಿನ ಗೋಪಾಲದಾಸರಲ್ಲಿಗೆ ಕಳುಹಿಸಿದರು. ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ ಹಾಡಿ, ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂಬುದು ಐತಿಹ್ಯ. ಗೋಪಾಲದಾಸರು 1762ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ ಹರಿಪದ ಸೇರಿದರು; ಆ ತರುಣ ಪಂಡಿತರಾದರೋ 1809ರವರೆಗೆ ಬಾಳಿದರು. ಅವರೇ ಶ್ರೀ ಜಗನ್ನಾಥದಾಸರು. ಕನ್ನಡವನ್ನು ಹಳಿದ ಅದೇ ನಾಲಿಗೆಯಿಂದ ಭಾಮಿನೀ ಷಟ್ಪದಿಯ ಹರಿಕಥಾಮೃತಸಾರವು ಹೊರಬಂತು.

ಈ ಕಥೆಯನ್ನು ನಾವು ಪವಾಡವೆಂದು ಕೇಳಿ ಸುಮ್ಮನಾಗುತ್ತೇವೆ. ಆದರೆ ಇದರಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ತತ್ತ್ವವಿದೆ. ಶ್ರೀನಿವಾಸಾಚಾರ್ಯರ ಬಳಿ ಶ್ಲೋಕಗಳಿಗೆ ಕೊರತೆಯಿರಲಿಲ್ಲ. ನೋವಿನ ಹೊತ್ತಿಗೆ ಒದಗಿದ್ದು ಮಾತ್ರ ತಾವು ಹಿಂದೆ ಕೀಳೆಂದು ತಳ್ಳಿದ್ದ ತಾಯ್ನುಡಿಯ ಒಂದು ಹಾಡು. ಆ ದಿನ ಆ ಮನಸ್ಸಿಗೆ ಬೇಕಾಗಿದ್ದ ಪದ ಯಾವುದೆಂಬುದನ್ನು ಅವರು ಆರಿಸಲಿಲ್ಲ. ಗುರುಗಳು ಆರಿಸಿ ಕೊಟ್ಟರು. ಆಯ್ಕೆಯು ಎಲ್ಲ ವೇಳೆಯಲ್ಲಿಯೂ ನಮ್ಮ ಕೈಯಲ್ಲಿರುವುದಿಲ್ಲವೆಂಬುದನ್ನೂ ಇದರಿಂದ ತಿಳಿಯಬೇಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಮ್ಮ ಭಜನೆಯಲ್ಲಿ ತಾರತಮ್ಯಕ್ಕನುಸಾರವಾದ ಕ್ರಮವೊಂದಿದೆ: ಗಣಪತಿ, ಗುರುಗಳು, ವಾಯುದೇವರು, ಮಹಾಲಕ್ಷ್ಮಿ, ಅನಂತರ ಶ್ರೀಹರಿ, ಕಡೆಯಲ್ಲಿ ಮಂಗಳ. ಈ ಚೌಕಟ್ಟನ್ನು ಮನಸ್ಸು ಬಂದಂತೆ ಬದಲಿಸತಕ್ಕದ್ದಲ್ಲ. ಆದರೆ ಚೌಕಟ್ಟಿನ ಒಳಗೆ ಒಂದು ಪದಕ್ಕಾದರೂ ಹಾಡುವವನ ಅಂದಿನ ಸ್ಥಿತಿಗೆ ಎಡೆಯಿರುತ್ತದೆ. ಮನೆಯಲ್ಲಿ ಮಗುವಿಗೆ ಜ್ವರವಿದ್ದ ದಿನ ಧನ್ವಂತರಿಯ ಪದವನ್ನು, ಅನ್ಯಾಯವಾಗಿ ಮಾತು ಕೇಳಿದ ದಿನ ಕ್ಷಮೆಯನ್ನು ಬೋಧಿಸುವ ಪದವನ್ನು, ಬೆಳೆ ಕೈಗೆ ಬಂದ ದಿನ ಕೊಟ್ಟವನನ್ನು ಕೊಂಡಾಡುವ ಪದವನ್ನು ಆರಿಸಿಕೊಳ್ಳುವುದರಲ್ಲಿ ದೋಷವಿಲ್ಲ. ವಿಜಯದಾಸರೇ ಹಾಗೆ ಹಾಡಿದವರು.

ಆದರೆ ಒಂದು ಎಚ್ಚರಿಕೆ ಬೇಕು. ಮನಸ್ಸಿಗೆ ಹೊಂದುವ ಪದವೆಂದರೆ ಮನಸ್ಸನ್ನು ಅದು ಇದ್ದಲ್ಲಿಯೇ ಮುದ್ದಿಸಿ ಕೂರಿಸುವ ಪದವಲ್ಲ. ಮಂಚಕ್ಕೆ ಹಾಸಿಗೆ ಹೊಂದುವುದು ಒಂದು ಬಗೆ, ಬಾವಿಗೆ ಹಗ್ಗ ಹೊಂದುವುದು ಇನ್ನೊಂದು ಬಗೆ. ನಮಗೆ ಬೇಕಾದುದು ಎರಡನೆಯದು. ಎಷ್ಟು ಆಳದಲ್ಲಿದ್ದೇವೋ ಅಷ್ಟು ಕೆಳಕ್ಕೆ ಇಳಿದು ನಮ್ಮನ್ನು ಮೇಲಕ್ಕೆ ಸೇದುವ ಪದ ಬೇಕು. ಸುಳಾದಿಯ ತಾಳಗಳು ಮಾಡುವ ಕಾರ್ಯ ಇದೇ. ಹಾಡಲು ಮನಸ್ಸೇ ಬಾರದ ದಿನಗಳೂ ಇರುತ್ತವೆ. ಅಂದು ಸ್ಫೂರ್ತಿಯನ್ನು ಕಾಯುತ್ತ ಕುಳಿತರೆ ಸೂರ್ಯ ನೆತ್ತಿಗೇರುತ್ತಾನೆ. ಅಂಥ ದಿನಕ್ಕಾಗಿಯೇ ವಾರದ ಕಟ್ಟಳೆಯನ್ನು ಹಿರಿಯರು ಇಟ್ಟುದು. ಮನಸ್ಸು ಆರಿಸಲಾರದಾಗ ವಾರವು ಆರಿಸಿಕೊಡುತ್ತದೆ.

ಸಂಸಾರದಲ್ಲಿ ದೊಡ್ಡ ನಷ್ಟವನ್ನು ಕಂಡ ಮನೆಗಳಲ್ಲಿ ಹಾಡು ನಿಂತುಹೋಗುವುದನ್ನು ನಾವು ನೋಡಿದ್ದೇವೆ. ಸೂತಕ ಕಳೆದ ಮೇಲೂ ತಾಳಗಳು ಗೂಡಿನಲ್ಲಿಯೇ ಉಳಿದುಬಿಡುತ್ತವೆ. ಹಾಡಿದರೆ ಅಗಲಿದವರಿಗೆ ಅಪಚಾರವೆಂಬ ಅಳುಕು. ಅಂಥವರಿಗೆ ನಮ್ಮ ವಿನಂತಿ ಇಷ್ಟೇ: ಸಂಭ್ರಮದ ಪದ ಬೇಡ, ಒಂದು ಉಗಾಭೋಗ ಸಾಕು. ತಾಳವೂ ಬೇಡ. ಧ್ವನಿ ನಡುಗಿದರೆ ನಡುಗಲಿ. ದೈನ್ಯವನ್ನು ಮರೆಮಾಚದೆ ಹಾಡಿದ ದಾಸರ ಪದಗಳು ನಡುಗುವ ಧ್ವನಿಗೆ ಪರಕೀಯವಲ್ಲ.

ವಿಜಯದಾಸರು ತಮ್ಮ ಕೊನೆಯ ಕಾಲವನ್ನು ಚಿಪ್ಪಗಿರಿಯಲ್ಲಿ ಕಳೆದರು. ಅದು ಈಗ ಆಂಧ್ರಪ್ರದೇಶಕ್ಕೆ ಸೇರಿದೆ. 1755ರ ಯುವ ಸಂವತ್ಸರದ ಕಾರ್ತಿಕ ಶುದ್ಧ ದಶಮಿಯಂದು ಅಲ್ಲಿಯೇ ಹರಿಪುರಕ್ಕೆ ತೆರಳಿದರು. ಅವರನ್ನು ಕುರಿತು ಶಿಷ್ಯರಾದ ಕಲ್ಲೂರು ಸುಬ್ಬಣ್ಣಾಚಾರ್ಯರು, ಎಂದರೆ ವ್ಯಾಸವಿಠಲರು, ರಚಿಸಿದ ವಿಜಯಕವಚವನ್ನು ನಮ್ಮ ಎಷ್ಟೋ ಮನೆಗಳಲ್ಲಿ ನಿತ್ಯವೂ ಹಾಡುತ್ತಾರೆ. ಗೋಪಾಲದಾಸರಿಂದ ಜಗನ್ನಾಥದಾಸರಿಗೆ, ಜಗನ್ನಾಥದಾಸರಿಂದ ನಮ್ಮ ಲಿಂಗಸುಗೂರಿನವರೇ ಆದ ಪ್ರಾಣೇಶದಾಸರಿಗೆ ಆ ಹೊನಲು ಹರಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಗೊರೆಬಾಳ ಹನುಮಂತರಾಯರು ಲಿಂಗಸುಗೂರಿನ ಶ್ರೀ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ದಾಸರ ಕೃತಿಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದುದರಿಂದ, ಹಸ್ತಪ್ರತಿಯ ಕಟ್ಟುಗಳಲ್ಲಿ ನಶಿಸಬಹುದಾಗಿದ್ದ ಪದಗಳು ನಮ್ಮ ಕೈಗೆ ಬಂದವು.

ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನವು ಅಶೋಕ ಚಕ್ರವರ್ತಿಯ ಹೆಸರನ್ನು ಲೋಕಕ್ಕೆ ಸ್ಪಷ್ಟಪಡಿಸಿತು. ಕಲ್ಲಿನ ಮೇಲೆ ಇದ್ದರೂ ಅದು ಶತಮಾನಗಳ ಕಾಲ ಓದುವವರಿಲ್ಲದೆ ಮೌನವಾಗಿತ್ತು. ವಿಜಯದಾಸರ ಪದಗಳಿಗೆ ಅಂಥ ಬಂಡೆಯ ಆಸರೆಯಿರಲಿಲ್ಲ. ಹಾಡುವ ಬಾಯಿಗಳೇ ಅವಕ್ಕೆ ಆಸರೆಯಾದವು. ನಾವು ಒಂದು ದಿನ ಹಾಡದಿದ್ದರೆ ಒಂದು ಅಕ್ಷರ ಮಾಸಿದಂತೆ. ಆದಕಾರಣ ಬರುವ ದಶಮಿಯಿಂದಾದರೂ ಪ್ರತಿ ಮನೆಯಲ್ಲಿ ಹಿರಿಯರು ಕಿರಿಯರನ್ನು ಕರೆದು, ಇಂದು ಯಾವ ಪದವೆಂದು ಅವರನ್ನೇ ಕೇಳಲಿ. ಕಿರಿಯರು ಆರಿಸಿದ ಪದವನ್ನು ಹಿರಿಯರು ಕೂಡಿ ಹಾಡಲಿ. ಮಕ್ಕಳ ಮನಸ್ಸು ಎಲ್ಲಿದೆಯೆಂಬುದು ಆ ಆಯ್ಕೆಯಿಂದಲೇ ತಂದೆತಾಯಿಗಳಿಗೆ ತಿಳಿದುಬರುತ್ತದೆ.

ಶ್ರೀ ವಿಜಯದಾಸಾಂತರ್ಗತ, ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಹರಿಯು ಎಲ್ಲರ ನಾಲಿಗೆಯಲ್ಲಿ ನೆಲೆಸಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.